ಮರದ ಮೇಲಣ ಹಾದಿ: ಮಕ್ಕಳ ಧೈರ್ಯವನ್ನು ಕುರಿತ ಒಂದು ಪಾಠ

ಓದತಕ್ಕ ವೇದಭಾಗಗಳು: ಕೊಲೊಸ್ಸೆಯವರಿಗೆ 3:21, ಮತ್ತಾಯ 14:28–31, ಮತ್ತಾಯ 4:5–7, ಧರ್ಮೋಪದೇಶಕಾಂಡ 22:8, ಯೆರೆಮೀಯ 38:7–13.



ಅಪೊಸ್ತಲನಾದ ಪೌಲನು ಕೊಲೊಸ್ಸೆಯ ಸಭೆಗೆ ಬರೆದ ಪತ್ರಿಕೆಯಲ್ಲಿ ತಂದೆಗಳಿಗೆಂದೇ ಒಂದು ಮಾತನ್ನು ಹೇಳಿದ್ದಾನೆ. ಮಕ್ಕಳನ್ನು ಕೆಣಕಬಾರದು, ಕೆಣಕಿದರೆ ಅವರ ಮನಸ್ಸು ಕುಂದಿಹೋದೀತು ಎಂಬುದೇ ಅದರ ತಾತ್ಪರ್ಯ. ಈ ವಚನವನ್ನು ನಾವು ಅನೇಕಾವರ್ತಿ ಓದಿದ್ದೆವು. ಭಾನುವಾರದ ಶಾಲೆಯಲ್ಲಿ ಕಲಿಸಿಯೂ ಇದ್ದೆವು. ಆದರೆ ಅದರ ಅರ್ಥವು ನಮ್ಮ ಹೃದಯಕ್ಕೆ ನಾಟಿದ್ದು ದೇವಾಲಯದಲ್ಲಿ ಅಲ್ಲ. ಪರದೇಶದ ಒಂದು ಅಡವಿಯಲ್ಲಿ, ನೆಲದಿಂದ ಸುಮಾರು ಮೂವತ್ತು ಅಡಿ ಎತ್ತರದಲ್ಲಿ, ನಮ್ಮ ಸ್ವಂತ ಮಗನ ಮುಂದೆ ನಾವು ತಪ್ಪಿನಡೆದಾಗಲೇ. ಆ ತಪ್ಪನ್ನು ಮುಚ್ಚಿಡದೆ ತಿಳಿಸಿದರೆ ಮಕ್ಕಳನ್ನು ಸಾಕುವ ಸಹೋದರ ಸಹೋದರಿಯರಿಗೆ ಪ್ರಯೋಜನವಾದೀತೆಂದು ಎಣಿಸಿ ಈ ಪಾಠವನ್ನು ಬರೆಯುತ್ತೇವೆ.

1. ಆ ಹಾದಿ ಎಂಥದು?

ನಮ್ಮ ತಮ್ಮನು ಕುಟುಂಬಸಹಿತನಾಗಿ ಇಂಗ್ಲೆಂಡ್ ದೇಶದಲ್ಲಿ ವಾಸವಾಗಿದ್ದಾನೆ. ಒಂದು ರಜೆಯಲ್ಲಿ ನಾವು ಹೆಂಡತಿಮಕ್ಕಳೊಡನೆ ಅವನ ಮನೆಗೆ ಹೋಗಿದ್ದಾಗ, ಅವನು ನಮ್ಮೆಲ್ಲರನ್ನು ಥೆಟ್‌ಫರ್ಡ್ ಎಂಬ ಅರಣ್ಯಕ್ಕೆ ಕರೆದುಕೊಂಡು ಹೋದನು. ಇದು ನಾರ್ಫೋಕ್, ಸಫೋಕ್ ಎಂಬ ಎರಡು ಸೀಮೆಗಳ ಗಡಿಯಲ್ಲಿದೆ. ಇದು ತಾನಾಗಿ ಬೆಳೆದ ಕಾಡಲ್ಲ. 1914ರಿಂದ 1918ರ ವರೆಗೆ ನಡೆದ ಮಹಾಯುದ್ಧದಲ್ಲಿ ಆ ದೇಶದ ಮರಮುಟ್ಟುಗಳು ಬಹಳವಾಗಿ ವೆಚ್ಚವಾದುದರಿಂದ, ಸರಕಾರದವರು 1919ರಲ್ಲಿ ಒಂದು ಅರಣ್ಯ ಮಂಡಲಿಯನ್ನು ಸ್ಥಾಪಿಸಿದರು. ಆ ಮಂಡಲಿಯವರು 1922ರಿಂದ ಇಲ್ಲಿಯ ಮರಳುಭೂಮಿಯಲ್ಲಿ ಪೈನ್ ಮರಗಳನ್ನು ಸಾಲುಸಾಲಾಗಿ ನೆಡಿಸಿದರು. ಹಿಂದೆ ಕುರಿಗಳೂ ಮೊಲಗಳೂ ಮೇಯುತ್ತಿದ್ದ ಬಯಲು ಈಗ ದೊಡ್ಡ ಅಡವಿಯಾಗಿ, ಜನರು ಮಕ್ಕಳೊಡನೆ ರಜೆ ಕಳೆಯುವ ಸ್ಥಳವಾಗಿದೆ.

ಅಲ್ಲಿ ಮರಗಳ ಮೇಲೆಯೇ ಒಂದು ಹಾದಿಯನ್ನು ಮಾಡಿದ್ದಾರೆ. ನೂಲೇಣಿಯಿಂದ ಮೊದಲನೆಯ ಮರವನ್ನು ಹತ್ತಿದರೆ, ಹೊಲದ ಕಾವಲಿಗೆ ನಾವು ಕಟ್ಟುವ ಅಟ್ಟದಂಥ ಒಂದು ಅಟ್ಟವು ಸಿಕ್ಕುತ್ತದೆ. ಅಲ್ಲಿಂದ ಮುಂದಿನ ಮರದ ಅಟ್ಟಕ್ಕೆ ದಾಟಬೇಕು. ಒಂದೆಡೆ ತೂಗಾಡುವ ಹಲಗೆಗಳ ಸೇತುವೆ. ಇನ್ನೊಂದೆಡೆ ಕಾಲಿಗೆ ಒಂದೇ ತಂತಿ, ಕೈಗೆ ಒಂದು ಹಗ್ಗ. ಮತ್ತೊಂದೆಡೆ ಉಯ್ಯಾಲೆಯಂತೆ ತೂಗಿಹೋಗಿ ದೊಡ್ಡದೊಂದು ಬಲೆಯನ್ನು ಹಿಡಿದುಕೊಳ್ಳಬೇಕು. ಕಡೆಯಲ್ಲಿ ಉದ್ದವಾದ ತಂತಿಯೊಂದಕ್ಕೆ ರಾಟೆಯನ್ನು ಸಿಕ್ಕಿಸಿಕೊಂಡು, ಗಾಳಿಯಲ್ಲಿ ಜಾರುತ್ತಾ ನೆಲವನ್ನು ಸೇರಬೇಕು.

ಇದನ್ನು ಕೇಳಿದೊಡನೆ ನಮ್ಮ ಮಲೆನಾಡಿನ ಮತ್ತು ಕರಾವಳಿಯ ಓದುಗರು, ಇದರಲ್ಲಿ ಹೊಸದೇನಿದೆ ಎಂದು ಕೇಳಬಹುದು. ಕೊನೆಗಾರನು ಕಾಲಿಗೆ ತಳೆ ಹಾಕಿಕೊಂಡು ಅಡಿಕೆಮರವನ್ನು ಹತ್ತಿ, ಮರವನ್ನು ತೂಗಿ ಬಾಗಿಸಿ, ನೆಲಕ್ಕಿಳಿಯದೆಯೇ ಪಕ್ಕದ ಮರಕ್ಕೆ ದಾಟುವುದನ್ನು ಅವರು ಕಂಡಿದ್ದಾರೆ. ಮೇಲಿನಿಂದ ಕೆಳಗಿನ ಆಳಿನ ಕೈಗೆ ಹಗ್ಗವನ್ನು ಚಾಚಿ, ಕೊಯ್ದ ಕೊನೆಯನ್ನು ಅದರ ಮೇಲೆ ಜಾರಬಿಡುವುದನ್ನೂ ಕಂಡಿದ್ದಾರೆ. ಅಲ್ಲಿಯವರು ವಿನೋದಕ್ಕಾಗಿ ಹಣ ತೆತ್ತು ಮಾಡುವ ಕಾರ್ಯವನ್ನು ನಮ್ಮ ಕೊನೆಗಾರರು ಹೊಟ್ಟೆಯ ಪಾಡಿಗಾಗಿ ಮಾಡುತ್ತಾರೆಂಬುದು ಸತ್ಯವೇ. ಆದರೆ ಒಂದು ದೊಡ್ಡ ಭೇದವುಂಟು. ಅಲ್ಲಿ ಹಗ್ಗ ಕಟ್ಟದೆ ಯಾರೂ ನೆಲ ಬಿಟ್ಟು ಮೇಲೇಳುವಂತಿಲ್ಲ.

ಹತ್ತುವವರ ಸೊಂಟಕ್ಕೂ ತೊಡೆಗಳಿಗೂ ಬಲವಾದ ಪಟ್ಟಿಗಳನ್ನು ಬಿಗಿಯುತ್ತಾರೆ. ಆ ಪಟ್ಟಿಯಿಂದ ಎರಡು ಚಿಕ್ಕ ಹಗ್ಗಗಳು ಹೊರಡುತ್ತವೆ. ಒಂದೊಂದರ ತುದಿಯಲ್ಲಿ ಒಂದೊಂದು ಲೋಹದ ಕೊಂಡಿ. ಮರದಿಂದ ಮರಕ್ಕೆ, ತಲೆಯ ಮಟ್ಟದಲ್ಲಿ, ಉಕ್ಕಿನ ತಂತಿಹಗ್ಗವನ್ನು ಎಳೆದು ಕಟ್ಟಿರುತ್ತಾರೆ. ಕೊಂಡಿಗಳೆರಡನ್ನೂ ಅದಕ್ಕೆ ಸಿಕ್ಕಿಸಬೇಕು. ಒಂದು ಮರ ಮುಗಿದು ಮುಂದಿನ ತಂತಿಗೆ ಬದಲಾಯಿಸುವಾಗ, ಮೊದಲು ಒಂದು ಕೊಂಡಿಯನ್ನು ಬಿಚ್ಚಿ ಮುಂದಿನದಕ್ಕೆ ಸಿಕ್ಕಿಸಿ, ಅದು ಭದ್ರವಾಯಿತೆಂದು ನೋಡಿದ ಮೇಲೆಯೇ ಎರಡನೆಯದನ್ನು ಬಿಚ್ಚಬೇಕು. ಎರಡೂ ಒಮ್ಮೆಗೇ ಬಿಚ್ಚಿರುವ ಕ್ಷಣವೇ ಇರಬಾರದು. ಇದೇ ಆ ಹಾದಿಯ ಮೊದಲನೆಯ ಆಜ್ಞೆ. ಅನೇಕ ಸ್ಥಳಗಳಲ್ಲಿ ಈಗ ಒಂದು ಕೊಂಡಿ ಬಿಗಿದ ಹೊರತು ಇನ್ನೊಂದು ತೆರೆಯದಂಥ ಜೋಡುಕೊಂಡಿಗಳನ್ನೂ ಉಪಯೋಗಿಸುತ್ತಾರೆ. ಇಂಥ ಕೊಂಡಿಯು ಸುಮಾರು 2000 ಕಿಲೋಗ್ರಾಮಿನ ಸೆಳೆತವನ್ನಾದರೂ, ಅಂದರೆ ಮೂವತ್ತು ಆಳುಗಳ ಭಾರವನ್ನು, ತಾಳತಕ್ಕದ್ದೆಂಬ ನಿಯಮವಿದೆ. ಯೂರೋಪಿನ ಕಟ್ಟಳೆಯ ಪ್ರಕಾರ ಈ ಹಾದಿಗಳನ್ನು ದಿನಾಲು ತೆರೆಯುವ ಮುಂಚೆ ಪರೀಕ್ಷಿಸಬೇಕು. ವರ್ಷಕ್ಕೊಂದಾವರ್ತಿಯಾದರೂ ತಜ್ಞರಿಂದ ಪೂರ್ಣವಾಗಿ ಶೋಧಿಸಿಸಬೇಕು. ಮರಗಳು ಜೀವವುಳ್ಳವುಗಳಾದ್ದರಿಂದ ಅವುಗಳ ಆರೋಗ್ಯವನ್ನು ಸಹ ನೋಡುತ್ತಾರೆ.

2. ಇಂಥ ಹಾದಿಗಳು ಹುಟ್ಟಿದ ಬಗೆ

ಇವು ಮೊದಲು ವಿನೋದಕ್ಕಾಗಿ ಹುಟ್ಟಿದವುಗಳಲ್ಲ. 1902ರಲ್ಲಿ ಮಾರ್ಟಿನಿಕ್ ಎಂಬ ದ್ವೀಪದಲ್ಲಿ ಜ್ವಾಲಾಮುಖಿಯೊಂದು ಸಿಡಿದು ಸೈಂಟ್ ಪಿಯೇರ್ ಎಂಬ ಪಟ್ಟಣವನ್ನು ನಾಶಮಾಡಿತು. ಆಗ ಜನರನ್ನು ರಕ್ಷಿಸುವ ಕೆಲಸದಲ್ಲಿದ್ದ ಜಾರ್ಜ್ ಎಬೇರ್ ಎಂಬ ಫ್ರೆಂಚ್ ನೌಕಾಧಿಕಾರಿಯು, ದೇಹಬಲವು ಪರೋಪಕಾರಕ್ಕೆ ಒದಗದಿದ್ದರೆ ವ್ಯರ್ಥವೆಂದು ನಂಬಿ, ಹತ್ತುವುದು, ಜಿಗಿಯುವುದು, ತೊಲೆಯ ಮೇಲೆ ನಡೆಯುವುದು ಮುಂತಾದ ಅಭ್ಯಾಸಗಳನ್ನು ಏರ್ಪಡಿಸಿದನು. ತರುವಾಯ ಎರಡನೆಯ ಮಹಾಯುದ್ಧದಲ್ಲಿ ಹಡಗುಗಳು ಮುಳುಗಿದಾಗ, ಬಲಿಷ್ಠರಾದ ಯುವಕರು ಧೈರ್ಯಗೆಟ್ಟು ಸಾಯುವುದನ್ನೂ ವಯಸ್ಸಾದ ನಾವಿಕರು ಬದುಕಿ ಉಳಿಯುವುದನ್ನೂ ಲಾರೆನ್ಸ್ ಹೋಲ್ಟ್ ಎಂಬ ಹಡಗಿನ ಯಜಮಾನನು ಕಂಡನೆಂದು ಹೇಳುತ್ತಾರೆ. ಅವನೂ ಕುರ್ಟ್ ಹಾನ್ ಎಂಬ ಉಪಾಧ್ಯಾಯನೂ ಕೂಡಿ 1941ರಲ್ಲಿ ವೇಲ್ಸ್ ಸೀಮೆಯ ಅಬರ್‌ಡವಿ ಎಂಬ ಊರಿನಲ್ಲಿ ಔಟ್‌ವರ್ಡ್ ಬೌಂಡ್ ಎಂಬ ಶಾಲೆಯನ್ನು ತೆರೆದರು. ಈ ಹಾನನು ಯೆಹೂದ್ಯ ವಂಶದವನು; ಜರ್ಮನಿಯಲ್ಲಿ ಹಿಟ್ಲರನ ಸರಕಾರವನ್ನು ಎದುರಿಸಿದ್ದಕ್ಕಾಗಿ 1933ರಲ್ಲಿ ಸೆರೆಹಿಡಿಯಲ್ಪಟ್ಟು, ಬಿಡುಗಡೆ ಹೊಂದಿ ಬ್ರಿಟನಿಗೆ ಬಂದವನು; 1945ರಲ್ಲಿ ಕ್ರೈಸ್ತ ಸಭೆಯನ್ನು ಸೇರಿದವನು. ಹೆದರಿಕೆಯುಳ್ಳವರನ್ನು ಮೆಲ್ಲಮೆಲ್ಲನೆ ಧೈರ್ಯಕ್ಕೆ ನಡಿಸಬಹುದು ಎಂಬುದೇ ಇಂಥ ಶಿಕ್ಷಣದ ಅಸ್ತಿವಾರವಾಗಿತ್ತು. ಇದನ್ನು ತಿಳಿಯದೆ ನಾವು ಆ ಮರವನ್ನು ಹತ್ತಿದೆವು.

3. ಅಲ್ಲಿ ನಡೆದ ಸಂಗತಿ

ನಮಗೆ ಹದಿಮೂರು ವರ್ಷದ ಮಗಳೂ ಹತ್ತು ವರ್ಷದ ಮಗನೂ ಇದ್ದರು. ಮಕ್ಕಳೊಡನೆ ದೊಡ್ಡವರೊಬ್ಬರು ಹೋಗಬೇಕೆಂಬ ನಿಯಮವಿದ್ದುದರಿಂದ ನಾವೂ ಪಟ್ಟಿ ಕಟ್ಟಿಸಿಕೊಂಡು ಹತ್ತಿದೆವು. ಅವರ ತಾಯಿ ಕೆಳಗೆ ನಿಂತು ನೋಡುತ್ತಿದ್ದಳು. ಮೂರು ಮರಗಳ ವರೆಗೆ ಎಲ್ಲವೂ ಚೆನ್ನಾಗಿಯೇ ನಡೆಯಿತು. ನಾಲ್ಕನೆಯ ಮರದ ಮುಂದೆ ಹಲಗೆಗಳ ಸೇತುವೆಯಿತ್ತು. ಹಲಗೆ ಹಲಗೆಗೂ ನಡುವೆ ಒಂದು ಹೆಜ್ಜೆಯ ಅಂತರ. ಆ ಸಂದಿನಿಂದ ಕೆಳಗಣ ನೆಲವು ಕಾಣುತ್ತಿತ್ತು. ಮಗಳು ದಾಟಿಹೋದಳು. ಮಗನು ಒಂದು ಕಾಲನ್ನು ಇಟ್ಟು, ಹಲಗೆ ಅಲ್ಲಾಡಿದೊಡನೆ ಹಿಂದಕ್ಕೆ ಬಂದು, ಮರವನ್ನು ಎರಡು ಕೈಗಳಿಂದಲೂ ಅಪ್ಪಿಕೊಂಡನು.

ನಾವು ಮೊದಲು ಮೆಲ್ಲಗೆ ಹೇಳಿದೆವು, ಅವನು ಕದಲಲಿಲ್ಲ. ಹಿಂದಣ ಮರದ ಮೇಲೆ ಬೇರೊಂದು ಕುಟುಂಬದವರು ಕಾಯುತ್ತಿದ್ದರು. ಆಗ ನಮ್ಮ ಬಾಯಿಂದ ಬಂದ ಮಾತು ಇದು: “ಅಕ್ಕ ದಾಟಿದಳು ನೋಡು. ನೀನು ಗಂಡುಮಗನಲ್ಲವೇ? ಇಷ್ಟು ಹೇಡಿಯಾದರೆ ಹೇಗೆ? ಎಲ್ಲರೂ ನೋಡುತ್ತಿದ್ದಾರೆ, ನಾಚಿಕೆಯಾಗುವುದಿಲ್ಲವೇ?” ಆ ಮಾತಿನಿಂದ ಅವನಿಗೆ ಧೈರ್ಯವು ಬರಲಿಲ್ಲ, ಕಣ್ಣೀರು ಬಂತು. ಅವನು ಮುಖವನ್ನು ಮರಕ್ಕೆ ಒತ್ತಿಕೊಂಡು ನಮ್ಮ ಕಡೆಗೆ ನೋಡದೆ ನಿಂತನು. ವಾಚಕರೇ, ಸತ್ಯವನ್ನು ಹೇಳಬೇಕಾದರೆ, ನಾಚಿಕೆಯು ಅವನದಲ್ಲ, ನಮ್ಮದು. ಅನ್ಯರ ಮುಂದೆ ನಮ್ಮ ಮಾನ ಹೋಗುತ್ತದೆಂದು ನಾವು ಆ ಮಗುವನ್ನು ನೂಕುತ್ತಿದ್ದೆವು. ನಮ್ಮ ಮೊಣಕಾಲುಗಳೂ ಆಗ ನಡುಗುತ್ತಿದ್ದವು.

ಅಷ್ಟರಲ್ಲಿ ಆ ಸ್ಥಳದಲ್ಲಿ ಕೆಲಸ ಮಾಡುವ ಒಬ್ಬ ತರುಣಿಯು ಮರವನ್ನು ಹತ್ತಿ ಬಂದಳು. ಆಕೆಯು ಮಗನನ್ನು ಎಳೆಯಲಿಲ್ಲ, ಹೊಗಳಲಿಲ್ಲ, ಗದರಿಸಲೂ ಇಲ್ಲ. ಮೊದಲು ತನ್ನ ಕೊಂಡಿಗಳನ್ನು ಸಿಕ್ಕಿಸಿಕೊಂಡು, ಅವನ ಪಕ್ಕದಲ್ಲಿ ಅಟ್ಟದ ಮೇಲೆ ಕುಳಿತು, ಅವನ ಹೆಸರನ್ನು ಕೇಳಿದಳು. “ಇಲ್ಲಿ ನಿಂತಾಗ ನನಗೂ ಮೊದಲು ಭಯವಾಗಿತ್ತು” ಎಂದಳು. ಅನಂತರ ಅವನ ಕೊಂಡಿಗಳನ್ನು ಅವನೇ ಎಳೆದು ನೋಡುವಂತೆ ಮಾಡಿದಳು. ಆಮೇಲೆ, “ಈಗ ಕುರ್ಚಿಯ ಮೇಲೆ ಕೂಡುವಂತೆ ಮೊಣಕಾಲು ಬಗ್ಗಿಸಿ ಹಿಂದಕ್ಕೆ ಕುಳಿತುಕೋ, ನಿನ್ನ ಭಾರವನ್ನು ಹಗ್ಗವೇ ಹೊರಲಿ” ಎಂದಳು. ಅವನು ಸ್ವಲ್ಪ ಕುಳಿತು ತಟ್ಟನೆ ಎದ್ದನು. ಎರಡನೆಯ ಸಾರಿ ಇನ್ನೂ ಸ್ವಲ್ಪ ಹೊತ್ತು ಕುಳಿತನು. ಮೂರನೆಯ ಸಾರಿ ಮರದಿಂದ ಕೈಗಳನ್ನು ಬಿಟ್ಟು ಪೂರ್ಣವಾಗಿ ಹಗ್ಗದಲ್ಲಿ ಕುಳಿತನು. ಹಗ್ಗವು ಅವನನ್ನು ಹಿಡಿಯಿತು. ಆಗ ಆಕೆಯು, “ಮುಂದೆ ಹೋಗುವುದಾದರೆ ನಾನು ಹತ್ತಿರವಿರುತ್ತೇನೆ, ಇಳಿಯುವುದಾದರೆ ಇಳಿಸುತ್ತೇನೆ. ಎರಡೂ ಒಳ್ಳೆಯದೇ” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಅವನು ಒಂದೊಂದೇ ಹಲಗೆಯ ಮೇಲೆ ಕಾಲಿಟ್ಟು ಆಚೆಗೆ ದಾಟಿದನು.

ಅವನು ಹಾದಿಯ ಕಡೆಯ ವರೆಗೆ ಹೋಗಲಿಲ್ಲ. ಇನ್ನೆರಡು ಮರಗಳನ್ನು ದಾಟಿ, “ಇವತ್ತಿಗೆ ಸಾಕು” ಎಂದನು. ಅಲ್ಲಿದ್ದ ಏಣಿಯಿಂದ ಅವನನ್ನು ಇಳಿಸಿದರು. ಮಗಳು ಎಲ್ಲವನ್ನೂ ಮುಗಿಸಿ ತಂತಿಯ ಮೇಲೆ ಜಾರಿ ಬಂದು ಸಂತೋಷಪಟ್ಟಳು. ಆ ರಾತ್ರಿ ತಮ್ಮನ ಮನೆಯಲ್ಲಿ ಪ್ರಾರ್ಥನೆಗೆ ಕೂಡಿದಾಗ, ಮಗನು ತಲೆ ತಗ್ಗಿಸಿಕೊಂಡು, “ಅಪ್ಪಾ, ಹೆದರುವುದು ಪಾಪವೋ?” ಎಂದು ಕೇಳಿದನು. ನಾವು ಉತ್ತರ ಕೊಡುವುದಕ್ಕಿಂತ ಮುಂಚೆ, ಎಲ್ಲರ ಮುಂದೆ ಅವನಿಗೆ ಅವಮಾನ ಮಾಡಿದ್ದರಿಂದ, ಎಲ್ಲರ ಮುಂದೆಯೇ ಅವನಿಂದ ಕ್ಷಮೆಯನ್ನು ಬೇಡಿಕೊಂಡೆವು. ತರುವಾಯ ಸತ್ಯವೇದವನ್ನು ತೆರೆದೆವು. ಆ ರಾತ್ರಿಯೂ ಅನಂತರವೂ ಕಂಡುಕೊಂಡದ್ದನ್ನು ಕೆಳಗೆ ಬರೆಯುತ್ತೇವೆ.

4. ಪಾಠಗಳು

ಒಂದನೆಯದು: ಹೆದರಿಕೆಯು ತಾನೇ ಪಾಪವಲ್ಲ. ದಾವೀದನು 56ನೆಯ ಕೀರ್ತನೆಯಲ್ಲಿ ತನಗೆ ಹೆದರಿಕೆಯೇ ಇಲ್ಲವೆಂದು ಹೇಳುವುದಿಲ್ಲ. ಹೆದರಿಕೆಯುಂಟಾಗುವ ಹೊತ್ತಿನಲ್ಲಿಯೇ ದೇವರನ್ನು ಆಶ್ರಯಿಸುವುದಾಗಿ ಹೇಳುತ್ತಾನೆ. ಎತ್ತರದಿಂದ ಬಿದ್ದರೆ ಸಾವುಂಟೆಂದು ಮಗುವಿನ ಮನಸ್ಸಿಗೆ ಎಚ್ಚರಿಕೆ ಕೊಡುವ ಭಯವು ಸೃಷ್ಟಿಕರ್ತನು ಇಟ್ಟ ಕಾವಲುಗಾರನು. ಪೇತ್ರನು ನೀರಿನ ಮೇಲೆ ನಡೆಯುತ್ತಾ ಗಾಳಿಯನ್ನು ಕಂಡು ಹೆದರಿ ಮುಳುಗತೊಡಗಿದಾಗ ಕರ್ತನು ಏನು ಮಾಡಿದನೆಂಬುದನ್ನು ಗಮನಿಸಿರಿ. ತಕ್ಷಣವೇ ಕೈಚಾಚಿ ಹಿಡಿದನು. ಅನಂತರವೇ ಅವನ ಅಲ್ಪವಿಶ್ವಾಸವನ್ನು ಕುರಿತು ಮಾತಾಡಿದನು. ಮೊದಲು ಕೈ, ತರುವಾಯ ಮಾತು. ನಾವೋ ಮರದ ಮೇಲೆ ಕೈಯನ್ನು ಚಾಚದೆ ಮಾತನ್ನೇ ಎಸೆದೆವು.

ಎರಡನೆಯದು: ನಂಬಿಕೆಯೆಂದರೆ ನಮ್ಮ ಭಾರವನ್ನು ಒಪ್ಪಿಸಿಕೊಡುವುದು. ಹಗ್ಗವು ಗಟ್ಟಿಯಾದದ್ದೆಂದು ಮಗನು ಕೆಳಗೆ ನಿಂತಾಗಲೇ ಕೇಳಿ ತಿಳಿದಿದ್ದನು. ಆದರೆ ಆ ತಿಳುವಳಿಕೆಯು ಅವನ ಕಾಲುಗಳಿಗೆ ಬಲವನ್ನು ಕೊಡಲಿಲ್ಲ. ಮರವನ್ನು ಬಿಟ್ಟು ಹಗ್ಗದಲ್ಲಿ ಕುಳಿತಾಗಲೇ ಬಲ ಬಂತು. ನಮ್ಮಲ್ಲಿ ಅನೇಕರು ಕ್ರಿಸ್ತನು ರಕ್ಷಕನೆಂದು ಚಿಕ್ಕಂದಿನಿಂದ ಕೇಳಿದ್ದೇವೆ. ಪ್ರಶ್ನೋತ್ತರವನ್ನು ಬಾಯಿಪಾಠ ಮಾಡಿದ್ದೇವೆ. ಆದರೆ ಸಾಲದ ಚಿಂತೆ, ಬೇನೆಯ ಚಿಂತೆ, ಹೆಣ್ಣುಮಕ್ಕಳ ಮದುವೆಯ ಚಿಂತೆ ಇವುಗಳ ಭಾರವನ್ನು ಆತನ ಮೇಲೆ ಹಾಕಿದ್ದೇವೋ? ಮೂರು ಸಾರಿ ಸ್ವಲ್ಪಸ್ವಲ್ಪವಾಗಿ ಕುಳಿತು ನೋಡುವುದಕ್ಕೆ ಆ ಮಗುವಿಗೆ ಸಮಯ ಸಿಕ್ಕಿತು. ಹೊಸದಾಗಿ ಸಭೆಗೆ ಸೇರಿದವರಿಗೂ ಅಂಥ ಸಮಯವನ್ನು ಕೊಡುವುದು ನಮ್ಮ ಧರ್ಮ.

ಮೂರನೆಯದು: ಹಗ್ಗ ಕಟ್ಟದೆ ಜಿಗಿಯುವುದು ನಂಬಿಕೆಯಲ್ಲ. ಸೈತಾನನು ಕರ್ತನನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಕೆಳಕ್ಕೆ ದುಮುಕು, ದೂತರು ನಿನ್ನನ್ನು ಹಿಡಿದಾರು ಎಂದು ಪ್ರೇರೇಪಿಸಿದಾಗ, ದೇವರನ್ನು ಪರೀಕ್ಷಿಸಬಾರದೆಂದು ಬರೆದಿರುವುದನ್ನು ಆತನು ನೆನಪಿಗೆ ತಂದನು. ದಮಸ್ಕದಲ್ಲಿ ವೈರಿಗಳು ಕಾಯುತ್ತಿದ್ದಾಗ ಪೌಲನೂ ಗೋಡೆಯ ಮೇಲಿನಿಂದ ಹಾರಲಿಲ್ಲ. ಶಿಷ್ಯರು ಅವನನ್ನು ಹೆಡಿಗೆಯಲ್ಲಿ ಕೂಡ್ರಿಸಿ ಇಳಿಸಿದರು. ಜಾಗ್ರತೆಯು ಅವಿಶ್ವಾಸವಲ್ಲ. ಹೊಸ ಮನೆಯನ್ನು ಕಟ್ಟುವವನು ಮಾಳಿಗೆಯ ಅಂಚಿಗೆ ಸುತ್ತಲೂ ಚಿಕ್ಕ ಗೋಡೆಯನ್ನು ಕಟ್ಟಬೇಕು, ಇಲ್ಲವಾದರೆ ಬಿದ್ದವನ ರಕ್ತದ ಅಪರಾಧವು ಆ ಮನೆಯ ಮೇಲಿರುವುದು ಎಂದು ಮೋಶೆಯ ಧರ್ಮಶಾಸ್ತ್ರವು ವಿಧಿಸುತ್ತದೆ.

ಸಹೋದರರೇ, ಈ ಆಜ್ಞೆಯು ನಮ್ಮ ಊರುಗಳಿಗೆ ಎಷ್ಟು ಸಮೀಪವಾಗಿದೆ! ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತಿನ ದ್ರಾವಣವನ್ನು ಸಿಂಪಡಿಸಲು ಜಾರುವ ಅಡಿಕೆಮರಗಳನ್ನು ಹತ್ತುವವರು ಯಾರು? ಬಡವರು, ಕೆಲವು ಸಭೆಗಳಲ್ಲಿ ನಮ್ಮವರೇ. ಬಿದ್ದು ಸೊಂಟ ಮುರಿದವರೂ ಪ್ರಾಣ ಬಿಟ್ಟವರೂ ಉಂಟು. ಸೊಂಟಕ್ಕೆ ಕಟ್ಟುವ ಭದ್ರಪಟ್ಟಿಗಳು ಈಗ ದೊರಕುತ್ತವೆ. ನೆಲದ ಮೇಲೆ ನಿಂತೇ ಕೊನೆ ಕೊಯ್ಯುವ ಉದ್ದನೆಯ ಹಗುರವಾದ ದೋಟಿಗಳೂ ಬಂದಿವೆ. ರಜೆಯ ವಿನೋದಕ್ಕೆ ಹತ್ತುವ ಮಗುವಿಗೆ ಎರಡು ಕೊಂಡಿಗಳಿರುವಾಗ, ಕೂಲಿಗಾಗಿ ಹತ್ತುವ ತಂದೆಗೆ ಒಂದಾದರೂ ಬೇಡವೋ? ತೋಟವುಳ್ಳವರು ಇದನ್ನು ದೇವರ ಮುಂದೆ ಯೋಚಿಸಲಿ. ಹತ್ತುವವರು ಪಟ್ಟಿ ಕಟ್ಟಿಕೊಳ್ಳುವುದನ್ನು ಹೇಡಿತನವೆಂದು ಎಣಿಸದಿರಲಿ.

ನಾಲ್ಕನೆಯದು: ಅವಮಾನದಿಂದ ಧೈರ್ಯವು ಹುಟ್ಟುವುದಿಲ್ಲ. ಪ್ರವಾದಿಯಾದ ಯೆರೆಮೀಯನನ್ನು ವೈರಿಗಳು ಕೆಸರಿನ ಬಾವಿಯೊಳಕ್ಕೆ ಇಳಿಸಿದ್ದರು. ಎಬೆದ್ಮೆಲೆಕನೆಂಬ ಕೂಷ್ಯನು ಅರಸನ ಅಪ್ಪಣೆಯನ್ನು ಪಡೆದು, ಮೂವತ್ತು ಮಂದಿಯೊಡನೆ ಅವನನ್ನು ಎತ್ತಲು ಬಂದನು. ಬರುವಾಗ ಹಗ್ಗವನ್ನು ಮಾತ್ರವೇ ತರಲಿಲ್ಲ. ಅರಮನೆಯ ಉಗ್ರಾಣದಿಂದ ಹಳೆಯ ಬಟ್ಟೆಗಳನ್ನೂ ಚಿಂದಿಗಳನ್ನೂ ತಂದು ಇಳಿಬಿಟ್ಟು, ಹಗ್ಗವು ಒತ್ತದಂತೆ ಅವುಗಳನ್ನು ಕಂಕುಳಲ್ಲಿ ಇಟ್ಟುಕೊಳ್ಳಬೇಕೆಂದು ಹೇಳಿದನು. ಬರೀ ಹಗ್ಗವಿದ್ದರೂ ಪ್ರವಾದಿಯು ಮೇಲಕ್ಕೆ ಬರುತ್ತಿದ್ದನು, ಆದರೆ ಗಾಯವಾಗುತ್ತಿತ್ತು. ಪ್ರೀತಿಯು ಎತ್ತುವುದನ್ನು ಮಾತ್ರವಲ್ಲ, ನೋಯದಂತೆ ಎತ್ತುವುದನ್ನು ಯೋಚಿಸುತ್ತದೆ. ಮಕ್ಕಳನ್ನು ತಿದ್ದುವ ಶಿಕ್ಷೆಯೂ ಉಪದೇಶವೂ ಹಗ್ಗದಂತಿವೆ, ಅವು ಬೇಕು. ಆದರೆ ಹಗ್ಗದ ಕೆಳಗೆ ಹಳೆಯ ಬಟ್ಟೆ ಇರಲಿ. ಅಕ್ಕನನ್ನು ತೋರಿಸಿ ತಮ್ಮನನ್ನು ಹಳಿಯುವುದು, ನೆರೆಮನೆಯ ಹುಡುಗನ ಅಂಕಗಳನ್ನು ಹೇಳಿ ನಮ್ಮ ಹುಡುಗನನ್ನು ನಗೆಗೀಡುಮಾಡುವುದು, ಗಂಡುಮಗನು ಅಳಬಾರದೆಂದು ಬೆದರಿಸುವುದು, ಇವೆಲ್ಲ ಬರಿಯ ಹಗ್ಗಗಳು. ಇವುಗಳಿಂದ ಮಗು ಮೇಲಕ್ಕೆ ಬಂದರೂ ಅದರ ಕಂಕುಳಲ್ಲಿ ಗಾಯ ಉಳಿಯುವುದು.

5. ಮನೆಯಲ್ಲಿ ಕೇಳಿಕೊಳ್ಳತಕ್ಕ ಪ್ರಶ್ನೆಗಳು

ಈ ಪಾಠವನ್ನು ಓದಿದ ಮೇಲೆ ತಂದೆತಾಯಿಗಳು ಸಾಯಂಕಾಲದ ಪ್ರಾರ್ಥನೆಯಲ್ಲಿ ಈ ಪ್ರಶ್ನೆಗಳನ್ನು ಆಲೋಚಿಸಲಿ. ನಮ್ಮ ಮಕ್ಕಳು ತಮ್ಮ ಹೆದರಿಕೆಯನ್ನು ನಮಗೆ ಹೇಳಿಕೊಳ್ಳಬಲ್ಲರೋ, ಅಥವಾ ನಮ್ಮ ನಗೆಗೆ ಅಂಜಿ ಮುಚ್ಚಿಡುತ್ತಾರೋ? ನಾವು ಅವರನ್ನು ಮುಂದಕ್ಕೆ ನೂಕುವುದು ಅವರ ಹಿತಕ್ಕಾಗಿಯೋ, ನಮ್ಮ ಮಾನಕ್ಕಾಗಿಯೋ? ನಮ್ಮ ಮನೆಯಲ್ಲಿ, ತೋಟದಲ್ಲಿ, ಬಾವಿಯ ಬಳಿಯಲ್ಲಿ ಕಟ್ಟಬೇಕಾದ ಯಾವ ಗೋಡೆಯನ್ನು ನಾವು ಇನ್ನೂ ಕಟ್ಟಿಲ್ಲ? ಮಗುವಿನ ಮುಂದೆ ತಪ್ಪಿದರೆ ಮಗುವಿನಿಂದ ಕ್ಷಮೆ ಕೇಳುವುದಕ್ಕೆ ನಮಗೆ ಧೈರ್ಯವುಂಟೋ?

ಈ ಕಡೆಯ ಪ್ರಶ್ನೆಯು ನಮಗೆ ಆ ಹಲಗೆಯ ಸೇತುವೆಗಿಂತಲೂ ಕಠಿಣವಾಗಿತ್ತು. ಕ್ಷಮೆ ಕೇಳಿದರೆ ತಂದೆಯ ಗೌರವ ಹೋದೀತೆಂದು ಅನೇಕರು ಅಂಜುತ್ತಾರೆ, ನಾವೂ ಅಂಜಿದೆವು. ಆದರೆ ಆ ರಾತ್ರಿ ನಾವು ಕ್ಷಮೆ ಬೇಡಿಕೊಂಡಾಗ ಮಗನು ಎದ್ದು ಬಂದು ನಮ್ಮ ಪಕ್ಕದಲ್ಲಿ ಕುಳಿತುಕೊಂಡನು. ಹಗಲಿನಲ್ಲಿ ಮರಕ್ಕೆ ಮುಖವನ್ನು ಒತ್ತಿಕೊಂಡಿದ್ದ ಮಗುವು ಪ್ರಾರ್ಥನೆಯ ಹೊತ್ತಿನಲ್ಲಿ ನಮ್ಮ ತೋಳಿಗೆ ಒರಗಿಕೊಂಡಿತು. ಇಷ್ಟು ಫಲ ನಮಗೆ ಸಾಕಾಗಿತ್ತು. ನಮ್ಮ ಕೈಗೆ ಒಪ್ಪಿಸಲ್ಪಟ್ಟಿರುವ ಚಿಕ್ಕವರ ಮನಸ್ಸು ಕುಂದದಂತೆ ಅವರನ್ನು ನಡಿಸುವ ಜ್ಞಾನವನ್ನೂ ತಾಳ್ಮೆಯನ್ನೂ ಪರಲೋಕದ ತಂದೆಯು ನಮ್ಮೆಲ್ಲರಿಗೂ ಅನುಗ್ರಹಿಸಲಿ. ಆಮೆನ್.